ಹುಬ್ಬಳ್ಳಿಗೆ ಎಷ್ಟು ಬೈಟ್ ಬೇಕು? ಸಿ ಭಾಷೆಯಲ್ಲಿ ಸ್ಟ್ರಿಂಗ್ ಮತ್ತು ಮೆಮೊರಿಯ ಲೆಕ್ಕ

ಎಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಲೂಪ್ ಮುಗಿಯೋ ತನಕ ಎಲ್ಲರೂ ಆರಾಮಾಗಿರುತ್ತಾರೆ. ಅವಿಭಾಜ್ಯ ಸಂಖ್ಯೆ ಹುಡುಕುವುದು, ಮ್ಯಾಟ್ರಿಕ್ಸ್ ಗುಣಿಸುವುದು, ಎಲ್ಲ ಆಗುತ್ತದೆ. ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಬಂತೋ, ಕೆಲಸ ಕೆಟ್ಟಿತು. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ 'ಸೆಗ್ಮೆಂಟೇಶನ್ ಫಾಲ್ಟ್' ಅನ್ನೋ ಒಂದೇ ಸಾಲು. ಯಾವ ಸಾಲಲ್ಲಿ ತಪ್ಪು, ಏನು ತಪ್ಪು, ಒಂದೂ ಹೇಳುವುದಿಲ್ಲ. ರೋಣ, ನವಲಗುಂದ, ಸವಣೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಹುಬ್ಬಳ್ಳಿ-ಧಾರವಾಡದ ಕಾಲೇಜಿಗೆ ಬಂದ ಹುಡುಗ ಹುಡುಗಿಯರು ಇಲ್ಲಿಗೆ ಬಂದಾಗ "ನಮಗ ಇಂಗ್ಲಿಷ್ ಸರಿಯಾಗಿ ಬರೂದಿಲ್ಲ, ಅದಕ್ಕ ಇದು ತಿಳೀವಲ್ದು" ಅಂತ ಕೈಚೆಲ್ಲುತ್ತಾರೆ. ಇಂಗ್ಲಿಷಿಗೂ ಇದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷ್ ಮಾಧ್ಯಮದವರೂ ಇಲ್ಲೇ ಮುಗ್ಗರಿಸುತ್ತಾರೆ.

ಕಾರಣ ಸರಳ. ಸಿ ಭಾಷೆ ಎರಡು ವಿಷಯ ನೆನಪಿಟ್ಟುಕೊಳ್ಳುವುದಿಲ್ಲ. ಒಂದು, ನಿಮ್ಮ ಸ್ಟ್ರಿಂಗ್ ಎಷ್ಟು ಉದ್ದ ಇದೆ ಅನ್ನುವುದು. ಇನ್ನೊಂದು, ನೀವು ಕೇಳಿ ಪಡೆದ ಜಾಗವನ್ನು ಯಾರು ವಾಪಸ್ ಕೊಡಬೇಕು ಅನ್ನುವುದು. ಎರಡೂ ಲೆಕ್ಕ ಪ್ರೋಗ್ರಾಂ ಬರೆಯುವವನ ತಲೆಯಲ್ಲಿರಬೇಕು. ಈ ಪಾಠದಲ್ಲಿ ಬರುವ ತೊಂದರೆಗಳೆಲ್ಲ ಹೆಚ್ಚುಕಮ್ಮಿ ಈ ಎರಡರಿಂದಲೇ ಬರುತ್ತವೆ. ಕೆಳಗೆ ಫಂಕ್ಷನ್‌ಗಳ ಹೆಸರನ್ನು ಲ್ಯಾಬ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಕೋಡ್ ಬರೆಯುವಾಗ ನಿಮ್ಮ ಮ್ಯಾನ್ಯುಯಲ್‌ನಲ್ಲಿರುವ ಸ್ಪೆಲ್ಲಿಂಗ್ ಹಾಕಿಕೊಳ್ಳಿ.

ಮೊದಲು ಮೆಮೊರಿ

ಕಂಪ್ಯೂಟರಿನ ಮೆಮೊರಿ ಅಂದ್ರೆ ಸಾಲಾಗಿರುವ ಬೈಟ್‌ಗಳು. ಒಂದು ಬೈಟ್‌ನಲ್ಲಿ 0ಯಿಂದ 255ರ ತನಕ ಯಾವುದಾದರೂ ಒಂದು ಸಂಖ್ಯೆ ಇಡಬಹುದು, ಬೇರೇನೂ ಇಡಲಾಗದು. ಪ್ರತಿ ಬೈಟ್‌ಗೂ ಒಂದು ನಂಬರ್ ಇರುತ್ತದೆ, ಅದೇ ಅದರ ಅಡ್ರೆಸ್. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಇಂಥ ಬೈಟ್‌ಗಳು ಸುಮಾರು 859 ಕೋಟಿ.

ಅಕ್ಷರಗಳೂ ಸಂಖ್ಯೆಗಳಾಗಿಯೇ ಕೂರುತ್ತವೆ. ಇಂಗ್ಲಿಷಿನ ದೊಡ್ಡ ಎಚ್ ಅಂದ್ರೆ 72, ಸಣ್ಣ ಯು ಅಂದ್ರೆ 117. ಇದು ಆಸ್ಕಿ ಅನ್ನೋ ಹಳೆ ಪಟ್ಟಿ. ಪಾಯಿಂಟರ್ ಅಂದ್ರೆ ಬೈಟ್‌ನ ಅಡ್ರೆಸ್ ಬರೆದಿಟ್ಟುಕೊಂಡ ವೇರಿಯಬಲ್, ಅಷ್ಟೇ. ಈಗಿನ 64 ಬಿಟ್ ಕಂಪ್ಯೂಟರಿನಲ್ಲಿ ಒಂದು ಪಾಯಿಂಟರ್ 8 ಬೈಟ್ ಜಾಗ ತಗೊಳ್ಳುತ್ತದೆ. ಪಾಯಿಂಟರ್ ಅಂದ ಕೂಡಲೇ ಹೆದರುವವರಿಗೆ ಇಷ್ಟು ಸಾಕು, ಮುಂದೆ ಹೋಗೋಣ.

ಸ್ಟ್ರಿಂಗ್ ಎಲ್ಲಿ ಮುಗಿಯುತ್ತದೆ?

ಹುಬ್ಬಳ್ಳಿಯ ಹಳೆ ಇಂಗ್ಲಿಷ್ ಸ್ಪೆಲ್ಲಿಂಗ್ ತಗೊಳ್ಳಿ: ಎಚ್, ಯು, ಬಿ, ಎಲ್, ಐ. ಐದು ಅಕ್ಷರ. ಇದನ್ನು ಸಿ ಮೆಮೊರಿಯಲ್ಲಿ ಹೀಗೆ ಇಡುತ್ತದೆ:

72 117 98 108 105 0

ಐದು ಅಕ್ಷರಕ್ಕೆ ಆರು ಬೈಟ್. ಕೊನೆಯ 0 ಇದೆಯಲ್ಲ, ಅದೇ ಇಡೀ ಪಾಠದ ತಿರುಳು. 'ಇಲ್ಲಿಗೆ ಸ್ಟ್ರಿಂಗ್ ಮುಗಿಯಿತು' ಅನ್ನುವ ಗುರುತು ಅದು. ಅದನ್ನು ನಲ್ ಕ್ಯಾರೆಕ್ಟರ್ ಅನ್ನುತ್ತಾರೆ, ಕೋಡ್‌ನಲ್ಲಿ '\0' ಅಂತ ಬರೆಯುತ್ತಾರೆ. ಕೀಬೋರ್ಡಿನ ಸೊನ್ನೆ ಬೇರೆ, ಅದರ ಆಸ್ಕಿ ಸಂಖ್ಯೆ 48.

ಹುಬ್ಬಳ್ಳಿಯವರಿಗೆ ಇದನ್ನು ರೈಲಿನಿಂದ ತೋರಿಸುವುದು ಸುಲಭ. ರೈಲಿಗೆ ಎಷ್ಟು ಬೋಗಿ ಇವೆ ಅಂತ ಎಂಜಿನ್ ಮೇಲೆ ಬರೆದಿರುವುದಿಲ್ಲ. ಕೊನೆಯ ಬೋಗಿಯ ಹಿಂದೆ ದೊಡ್ಡ ಎಕ್ಸ್ ಗುರುತು ಇರುತ್ತದೆ, 'ಎಲ್‌ವಿ' (ಲಾಸ್ಟ್ ವೆಹಿಕಲ್) ಅಂತ ಸಣ್ಣ ಬೋರ್ಡ್ ಇರುತ್ತದೆ, ರಾತ್ರಿ ಹೊತ್ತು ಕೆಂಪು ದೀಪ ಮಿಣುಕುತ್ತದೆ. ರೈಲು ದಾಟುವಾಗ ಸ್ಟೇಷನ್ ಸಿಬ್ಬಂದಿ ನೋಡುವುದು ಆ ಗುರುತನ್ನೇ. ಅದು ಕಾಣಿಸಿದರೆ ರೈಲು ಪೂರ್ತಿ ಹೋಯಿತು ಅಂತ ಅರ್ಥ. ಕಾಣಿಸದಿದ್ದರೆ ಹಿಂದೆ ಎಲ್ಲೋ ಬೋಗಿ ಕಳಚಿ ಉಳಿದಿರಬಹುದು ಅಂತ ಗಾಬರಿಯಾಗುತ್ತಾರೆ. ಸ್ಟ್ರ್‌ಲೆನ್ ಫಂಕ್ಷನ್ ಮಾಡುವುದೂ ಇದನ್ನೇ. ಮೊದಲ ಬೈಟ್‌ನಿಂದ ಒಂದೊಂದೇ ಎಣಿಸುತ್ತಾ ಹೋಗಿ 0 ಸಿಕ್ಕ ಕೂಡಲೇ ನಿಲ್ಲುತ್ತದೆ. ವ್ಯತ್ಯಾಸ ಒಂದೇ. ರೈಲಿನಲ್ಲಿ ಗುರುತು ಕೊನೆಯ ಬೋಗಿಯ ಮೇಲೇ ಇರುತ್ತದೆ, ಸ್ಟ್ರಿಂಗ್‌ನಲ್ಲಿ ಆ ಗುರುತಿಗೇ ಪ್ರತ್ಯೇಕವಾಗಿ ಒಂದು ಬೈಟ್ ಕೊಡಬೇಕು. ಎಲ್ಲರೂ ಮರೆಯುವುದು ಈ ಒಂದು ಬೈಟನ್ನೇ.

ಗುರುತು ಇಲ್ಲದಿದ್ದರೆ? ಸ್ಟ್ರ್‌ಲೆನ್‌ಗೆ ಗಾಬರಿಯಾಗುವುದು ಗೊತ್ತಿಲ್ಲ. ನಿಮ್ಮ ಅರೇ (ಒಂದೇ ಬಗೆಯ ಮೌಲ್ಯಗಳಿಗೆ ಸಾಲಾಗಿ ಕಾದಿಟ್ಟ ಜಾಗ) ಮುಗಿದರೂ ಅದರಾಚೆ ಇರುವ ಬೇರೆ ಯಾರದೋ ಬೈಟ್‌ಗಳನ್ನು ಎಣಿಸುತ್ತಾ ಹೋಗುತ್ತದೆ, ಎಲ್ಲೋ ಒಂದು ಕಡೆ ಅಕಸ್ಮಾತ್ 0 ಸಿಗುವ ತನಕ. ಪ್ರಿಂಟ್ ಮಾಡಿದಾಗ ಹೆಸರಿನ ಮುಂದೆ ಚಿತ್ರವಿಚಿತ್ರ ಚಿಹ್ನೆಗಳು ಬರುವುದು ಇದಕ್ಕೇ. ನಿಮ್ಮದಲ್ಲದ ಮೆಮೊರಿಗೆ ಕಾಲಿಟ್ಟಾಗ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂ ಅನ್ನು ಅಲ್ಲೇ ಕೊಲ್ಲುತ್ತದೆ. ಸೆಗ್ಮೆಂಟೇಶನ್ ಫಾಲ್ಟ್ ಅಂದ್ರೆ ಅದು. ಹಳೆ ಟರ್ಬೋ ಸಿ ಓಡುತ್ತಿದ್ದ ಡಾಸ್‌ನಲ್ಲಿ ಈ ಕಾವಲು ಇರಲಿಲ್ಲ, ಹಾಗಾಗಿ ಅಲ್ಲಿ 'ಸರಿಯಾಗೇ ಓಡ್ತಿದ್ದ' ಪ್ರೋಗ್ರಾಂ ಲಿನಕ್ಸ್‌ಗೆ ಬಂದ ಕೂಡಲೇ ಬೀಳುತ್ತದೆ. ತಪ್ಪು ಅಲ್ಲೂ ಇತ್ತು, ಹಿಡಿಯುವವರು ಇರಲಿಲ್ಲ ಅಷ್ಟೇ.

ಸೈಜ್‌ಆಫ್ ಮತ್ತು ಸ್ಟ್ರ್‌ಲೆನ್ ನಡುವಿನ ವ್ಯತ್ಯಾಸಕ್ಕೂ ಇದೇ ಸ್ಟೇಷನ್ ಸಾಕು. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್. ನಾಲ್ಕು ಬೋಗಿಯ ಪ್ಯಾಸೆಂಜರ್ ನಿಂತರೂ ಅದು 1507 ಮೀಟರೇ. ಸೈಜ್‌ಆಫ್ ಪ್ಲಾಟ್‌ಫಾರ್ಮ್ ಅಳೆಯುತ್ತದೆ, ಸ್ಟ್ರ್‌ಲೆನ್ ನಿಂತ ರೈಲನ್ನು ಅಳೆಯುತ್ತದೆ. ಆದರೆ ಅರೇ ಅನ್ನು ಒಂದು ಫಂಕ್ಷನ್‌ಗೆ ಕಳಿಸಿ ಅದರೊಳಗೆ ಸೈಜ್‌ಆಫ್ ಹಾಕಿದರೆ ಉತ್ತರ 8 ಬರುತ್ತದೆ. ಅಲ್ಲಿಗೆ ತಲುಪಿದ್ದು ಬರೀ ಅಡ್ರೆಸ್, ಅಳೆದದ್ದು ಆ ಅಡ್ರೆಸ್ಸಿನ ಗಾತ್ರ. ವೈವಾದಲ್ಲಿ ಕೇಳಲು ಒಳ್ಳೆ ಪ್ರಶ್ನೆ ಇದು.

ಉದ್ದವನ್ನೇ ಮುಂದೆ ಬರೆದಿಟ್ಟಿದ್ದರೆ ಇಷ್ಟೆಲ್ಲ ರಗಳೆ ಇರುತ್ತಿರಲಿಲ್ಲ, ಅಲ್ವಾ? ಸಿ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನಿಸ್ ರಿಚಿ ಕೈಯಲ್ಲಿ. ಅದಕ್ಕೂ ಹಿಂದಿನ ಬಿಸಿಪಿಎಲ್ ಭಾಷೆ ಉದ್ದವನ್ನು ಸ್ಟ್ರಿಂಗ್‌ನ ಮುಂದೆಯೇ ಇಡುತ್ತಿತ್ತು. ಆದರೆ ಅಷ್ಟು ಸಣ್ಣ ಜಾಗದಲ್ಲಿ ಬರೆದ ಉದ್ದಕ್ಕೆ ಒಂದು ಮಿತಿ ಬರುತ್ತದೆ, ಒಂದು ಬೈಟ್ ಆದರೆ 255ಕ್ಕೆ ನಿಲ್ಲುತ್ತದೆ. ಅದು ಬೇಡ ಅಂತ, ಜೊತೆಗೆ ಎಣಿಕೆ ಕಾಯ್ದುಕೊಂಡು ಹೋಗುವುದಕ್ಕಿಂತ ಕೊನೆಗೊಂದು ಗುರುತು ಇಡುವುದೇ ಅನುಕೂಲ ಅನ್ನಿಸಿತು ಅಂತ ರಿಚಿಯೇ ಮುಂದೆ ವಿವರಿಸಿದ್ದಾರೆ. ಪೈಥಾನ್ ಉದ್ದವನ್ನು ಜೊತೆಗೇ ಇಟ್ಟುಕೊಳ್ಳುತ್ತದೆ, ಅದಕ್ಕೇ ಅಲ್ಲಿ ಈ ತಲೆನೋವು ಇಲ್ಲ. ಹಾಗಂತ ನಾವೆಲ್ಲ ಬಳಸುವ ಆ ಪೈಥಾನ್ ಬರೆದಿರುವುದು ಸಿಯಲ್ಲೇ.

ಊರಿನ ಹೆಸರು ಬದಲಾದರೆ ರಕ್ತದ ಗುಂಪು ಬದಲಾಗುತ್ತದೆ

2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದವು. ಹುಬ್ಬಳ್ಳಿಯ ಐದಕ್ಷರ ಎಂಟಾಯಿತು: ಎಚ್, ಯು, ಬಿ, ಬಿ, ಎ, ಎಲ್, ಎಲ್, ಐ. ಮೆಮೊರಿಯಲ್ಲಿ ಒಂಬತ್ತು ಬೈಟ್:

72 117 98 98 97 108 108 105 0

ಈಗ ಒಂದು ಕಾಲ್ಪನಿಕ ಪ್ರೋಗ್ರಾಂ ನೋಡೋಣ. 2014ಕ್ಕೂ ಮೊದಲು ಯಾರೋ ಐಡಿ ಕಾರ್ಡ್ ಪ್ರಿಂಟ್ ಮಾಡಲು ಬರೆದದ್ದು ಅಂದುಕೊಳ್ಳಿ. ಒಂದು ಸ್ಟ್ರಕ್ಚರ್, ಅಂದ್ರೆ ಹಲವು ವೇರಿಯಬಲ್ ಸೇರಿಸಿದ ಒಂದು ಕಟ್ಟು. ಅದರಲ್ಲಿ ಎರಡು ಅರೇಗಳು, ಒಂದರ ಪಕ್ಕ ಒಂದು:

ಚಾರ್ ಊರು[6];
ಚಾರ್ ರಕ್ತ[4];

ಊರಿಗೆ ಹಳೆ ಸ್ಪೆಲ್ಲಿಂಗ್‌ಗೆ ಸರಿಯಾಗಿ ಆರು ಬೈಟ್. ರಕ್ತದ ಗುಂಪಿಗೆ ನಾಲ್ಕು, ಎಬಿ ಪಾಸಿಟಿವ್ ಬರೆಯಲು ಮೂರು ಅಕ್ಷರ ಮತ್ತು ಒಂದು 0. ಲೆಕ್ಕ ಪಕ್ಕಾ ಇದೆ. ಮೊದಲು ರಕ್ತದ ಗುಂಪು ತುಂಬಿದರು. ಆಮೇಲೆ ಸ್ಟ್ರ್‌ಕಾಪಿ ಬಳಸಿ ಊರಿನ ಜಾಗಕ್ಕೆ ಹೊಸ ಸ್ಪೆಲ್ಲಿಂಗ್ ಹಾಕಿದರು. ಸ್ಟ್ರ್‌ಕಾಪಿ 'ಇಲ್ಲಿ ಎಷ್ಟು ಜಾಗ ಇದೆ' ಅಂತ ಕೇಳುವುದಿಲ್ಲ. ಕೇಳಿದರೂ ಹೇಳುವವರಿಲ್ಲ. ಅದಕ್ಕೆ ಸಿಕ್ಕಿರುವುದು ಎರಡು ಅಡ್ರೆಸ್, ಒಂದರಿಂದ ಇನ್ನೊಂದಕ್ಕೆ 0 ಸಿಗುವ ತನಕ ಸುಮ್ನೆ ಸುರಿಯುತ್ತದೆ.

ಊರಿನ ಆರು ಬೈಟ್ ತುಂಬಿದ ಮೇಲೆ ಉಳಿದದ್ದು 108, 105, 0. ಅವು ಹೋಗಿ ಕೂರುವುದು ಪಕ್ಕದ ರಕ್ತದ ಜಾಗದಲ್ಲಿ. ಅಲ್ಲಿ ಮೊದಲು 65 66 43 0 ಇತ್ತು, ಈಗ 108 105 0 0. ಕಾರ್ಡ್ ಪ್ರಿಂಟ್ ಮಾಡಿದರೆ ಊರಿನ ಹೆಸರು ಹೊಸ ಸ್ಪೆಲ್ಲಿಂಗ್‌ನಲ್ಲಿ ಚೊಕ್ಕವಾಗಿ ಪೂರ್ತಿ ಬರುತ್ತದೆ, ಯಾಕಂದ್ರೆ ಪ್ರಿಂಟ್‌ಎಫ್ ಕೂಡ 0 ಸಿಗುವ ತನಕ ಓದುತ್ತದೆ. ರಕ್ತದ ಗುಂಪಿನ ಜಾಗದಲ್ಲಿ ಮಾತ್ರ 'ಎಲ್‌ಐ' ಅಂತ ಬಂದಿರುತ್ತದೆ. ತಪ್ಪು ಮಾಡಿದ್ದು ಊರು, ಪೆಟ್ಟು ತಿಂದಿದ್ದು ರಕ್ತ. ಹುಡುಕುವವನು ರಕ್ತದ ಗುಂಪು ತುಂಬುವ ಕೋಡ್ ಅನ್ನೇ ದಿನಗಟ್ಟಲೆ ನೋಡುತ್ತಾ ಕೂರುತ್ತಾನೆ. ಅಲ್ಲಿ ಏನೂ ತಪ್ಪಿಲ್ಲ.

ಇದಕ್ಕೇ ಬಫರ್ ಓವರ್‌ಫ್ಲೋ ಅನ್ನುವುದು. ಸಿಯ ನಿಯಮದ ಪ್ರಕಾರ ಹೀಗೆ ಗಡಿ ದಾಟಿದ ಮೇಲೆ ಏನು ಬೇಕಾದರೂ ಆಗಬಹುದು. ಮೇಲೆ ಹೇಳಿದ್ದು ಸಾಮಾನ್ಯವಾಗಿ ಕಾಣುವ ರೂಪ ಅಷ್ಟೇ. ಕೆಲವು ಕಂಪೈಲರ್ ಸೆಟ್ಟಿಂಗ್‌ಗಳಲ್ಲಿ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ, ಅದು ನಿಮ್ಮ ಪುಣ್ಯ.

ಸ್ಟ್ರ್‌ಎನ್‌ಕಾಪಿ ಹಾಕಿದರೆ ಬಚಾವ್ ಅಂತ ಹಲವರು ಹೇಳುತ್ತಾರೆ. ಅರ್ಧ ನಿಜ. ಆರು ಬೈಟ್ ಅಂದ್ರೆ ಆರೇ ಬೈಟ್ ಹಾಕುತ್ತದೆ, ಆದರೆ ಅಷ್ಟರಲ್ಲಿ 0 ಬರದಿದ್ದರೆ ಕೊನೆಗೆ 0 ಹಾಕುವುದೇ ಇಲ್ಲ. ಎಕ್ಸ್ ಗುರುತಿಲ್ಲದ ರೈಲು. ಎಸ್‌ಎನ್‌ಪ್ರಿಂಟ್‌ಎಫ್ ಇದಕ್ಕಿಂತ ಎಷ್ಟೋ ವಾಸಿ. ಅದಕ್ಕೆ ಜಾಗದ ಗಾತ್ರ ಹೇಳಿದರೆ ಅಷ್ಟರೊಳಗೇ ಬರೆದು ಕೊನೆಗೆ 0 ಇಟ್ಟೇ ಇಡುತ್ತದೆ, ಮೇಲಾಗಿ ಪೂರ್ತಿ ಬರೆಯಲು ಎಷ್ಟು ಅಕ್ಷರದ ಜಾಗ ಬೇಕಿತ್ತು ಅಂತಲೂ ವಾಪಸ್ ಹೇಳುತ್ತದೆ.

ಲ್ಯಾಬ್‌ನ ಹೊರಗೆ ಇದು ಮಾಡಿದ ಅನಾಹುತ

1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಅನ್ನೋ ಪ್ರೋಗ್ರಾಂ ಆಗಿನ ಪುಟ್ಟ ಇಂಟರ್ನೆಟ್ ತುಂಬ ಹರಡಿತು. ಅದು ಒಳಗೆ ನುಗ್ಗಿದ ದಾರಿಗಳಲ್ಲಿ ಒಂದು, 512 ಬೈಟ್ ಅರೇ ಇದ್ದ ಕಡೆ 536 ಬೈಟ್ ಕಳಿಸುವುದು. ಅಲ್ಲಿ ಓದಲು ಬಳಸಿದ್ದ ಫಂಕ್ಷನ್ ಗೆಟ್ಸ್. ಎಷ್ಟು ಬಂದರೂ ತಗೊಳ್ಳುವ ಈ ಗೆಟ್ಸ್ ಅನ್ನು 2011ರ ಸಿ ಸ್ಟ್ಯಾಂಡರ್ಡ್‌ನಿಂದಲೇ ತೆಗೆದುಹಾಕಿದರು. ನಿಮ್ಮ ನೋಟ್ಸ್‌ನಲ್ಲಿ ಇನ್ನೂ ಗೆಟ್ಸ್ ಇದ್ದರೆ ಅದಕ್ಕೊಂದು ಅಡ್ಡಗೆರೆ ಎಳೆಯಿರಿ.

2014ರಲ್ಲಿ ಹಾರ್ಟ್‌ಬ್ಲೀಡ್ ಬಂತು. ವೆಬ್‌ಸೈಟ್‌ಗಳ ಸುರಕ್ಷತೆಗೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ, 'ನಾನು ಇಷ್ಟು ಬೈಟ್ ಕಳಿಸಿದ್ದೇನೆ, ಹಾಗೇ ವಾಪಸ್ ಕಳಿಸು' ಅಂತ ಬಂದ ಮಾತನ್ನು ಪರೀಕ್ಷಿಸದೆ ನಂಬಿದ್ದರು. ಕಳಿಸಿದ್ದು ಚೂರು, ಹೇಳಿದ್ದು ಜಾಸ್ತಿ. ಉಳಿದದ್ದನ್ನು ಸರ್ವರ್ ತನ್ನ ಮೆಮೊರಿಯಿಂದಲೇ ತುಂಬಿ ಕಳಿಸುತ್ತಿತ್ತು, ಒಂದೊಂದು ಸಲಕ್ಕೆ 64 ಕೆಬಿ ತನಕ. ಅದರಲ್ಲಿ ಯಾರದೋ ಪಾಸ್‌ವರ್ಡ್ ಇದ್ದರೂ ಇರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅಪ್‌ಡೇಟ್‌ನಿಂದ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ವಿಮಾನಗಳೇ ನಿಂತಿದ್ದು ಎಲ್ಲರಿಗೂ ನೆನಪಿದೆ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಕಂಪ್ಯೂಟರ್. ಅಲ್ಲಿ 20 ಮೌಲ್ಯ ಇದ್ದ ಕಡೆ ಪ್ರೋಗ್ರಾಂ 21ನೆಯದನ್ನು ಓದಲು ಹೋಗಿತ್ತು. ನಿಮ್ಮ ಲ್ಯಾಬ್ ಪ್ರೋಗ್ರಾಂ ಬಿದ್ದ ಕಾರಣವೂ ಇದೇ ಜಾತಿಯದು.

ಓದುವಾಗ, ಹೋಲಿಸುವಾಗ

ಸ್ಕ್ಯಾನ್‌ಎಫ್‌ನಲ್ಲಿ ಪರ್ಸೆಂಟ್ ಎಸ್ ಹಾಕಿ ರಾಣಿ ಚೆನ್ನಮ್ಮ ಅಂತ ಟೈಪ್ ಮಾಡಿದರೆ ರಾಣಿ ಮಾತ್ರ ಬರುತ್ತಾಳೆ. ಸ್ಪೇಸ್ ಕಂಡ ಕೂಡಲೇ ಅದು ನಿಲ್ಲುತ್ತದೆ, ಚೆನ್ನಮ್ಮ ಮುಂದಿನ ಸ್ಕ್ಯಾನ್‌ಎಫ್‌ಗೆ ಕಾಯುತ್ತಾ ಉಳಿಯುತ್ತಾಳೆ. ಅದಲ್ಲದೆ ಬರೀ ಪರ್ಸೆಂಟ್ ಎಸ್‌ಗೆ ಜಾಗದ ಮಿತಿ ಗೊತ್ತಿಲ್ಲ. 20 ಬೈಟ್ ಅರೇಗೆ ಪರ್ಸೆಂಟ್ 19 ಎಸ್ ಅಂತ ಹಾಕಬೇಕು, ಉಳಿದ ಒಂದು 0ಗೆ. ಇಡೀ ಸಾಲು ಬೇಕಿದ್ದರೆ ಎಫ್‌ಗೆಟ್ಸ್ ಬಳಸಿ. ಅದಕ್ಕೆ ಗಾತ್ರ ಹೇಳಬೇಕು, ಅದು ಮೀರುವುದಿಲ್ಲ. ಆದರೆ ಜಾಗ ಸಾಕಾದರೆ ನೀವು ಒತ್ತಿದ ಎಂಟರ್ ಅನ್ನೂ ಸ್ಟ್ರಿಂಗ್‌ನಲ್ಲೇ ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ಹೊಂದಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಆ ಎಂಟರ್ ತೆಗೆಯಬೇಕು.

ಎರಡು ಸ್ಟ್ರಿಂಗ್ ಒಂದೇನಾ ಅಂತ ಎರಡು ಈಕ್ವಲ್ ಚಿಹ್ನೆ ಹಾಕಿ ನೋಡಬೇಡಿ. ಅದು ಅಡ್ರೆಸ್ ಹೋಲಿಸುತ್ತದೆ, ಅಕ್ಷರಗಳನ್ನಲ್ಲ. ಸ್ಟ್ರ್‌ಕಂಪ್ ಬಳಸಿ. ಎರಡೂ ಒಂದೇ ಆದರೆ ಅದು 0 ಕೊಡುತ್ತದೆ. ಸಿಯಲ್ಲಿ 0 ಅಂದ್ರೆ 'ಸುಳ್ಳು' ಅಂತ ಕಲಿತವರಿಗೆ ಇದು ಉಲ್ಟಾ ಅನ್ನಿಸುತ್ತದೆ. 'ವ್ಯತ್ಯಾಸ ಸೊನ್ನೆ' ಅಂತ ಓದಿಕೊಂಡರೆ ಆಯಿತು.

ಜಾಗ ಕೇಳಿ ಪಡೆಯುವುದು

ಇಲ್ಲಿಯ ತನಕ ಅರೇ ಗಾತ್ರವನ್ನು ನಾವೇ ಮೊದಲೇ ಬರೆದೆವು. ಫಂಕ್ಷನ್‌ನ ಒಳಗೆ ಹೀಗೆ ಬರೆದ ಅರೇ ಕೂರುವ ಜಾಗಕ್ಕೆ ಸ್ಟ್ಯಾಕ್ ಅನ್ನುತ್ತಾರೆ. ಫಂಕ್ಷನ್ ಶುರುವಾದಾಗ ಜಾಗ ಸಿಗುತ್ತದೆ, ಮುಗಿದ ಕೂಡಲೇ ಹೋಗುತ್ತದೆ, ನೀವು ಏನೂ ಮಾಡಬೇಕಿಲ್ಲ. ಆದರೆ ಈ ಜಾಗ ಕಡಿಮೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ. ಇನ್ನೊಂದು ತೊಡಕು, ಫಂಕ್ಷನ್ ಒಳಗಿನ ಅರೇಯ ಅಡ್ರೆಸ್ ಅನ್ನು ರಿಟರ್ನ್ ಮಾಡಿದರೆ ಹೊರಗೆ ಸಿಗುವುದು ಸತ್ತ ಅಡ್ರೆಸ್. ಮುಂದಿನ ಫಂಕ್ಷನ್ ಬಂದು ಅದೇ ಜಾಗದಲ್ಲಿ ತನ್ನ ಸಾಮಾನು ಇಟ್ಟಿರುತ್ತದೆ.

ಬಳಸುವವರು ಎಷ್ಟು ಉದ್ದದ ಹೆಸರು ಕೊಡುತ್ತಾರೋ ಗೊತ್ತಿಲ್ಲ, ಫಂಕ್ಷನ್ ಮುಗಿದ ಮೇಲೂ ಅದು ಉಳಿಯಬೇಕು. ಆಗ ಬೇಕಾಗುವುದು ಹೀಪ್. ಅಲ್ಲಿ ಜಾಗ ಕೇಳುವ ಫಂಕ್ಷನ್ ಮ್ಯಾಲಾಕ್. ಇಷ್ಟು ಬೈಟ್ ಕೊಡು ಅಂದರೆ ಅಷ್ಟು ಬೈಟ್ ಸಾಲಾಗಿರುವ ಜಾಗ ಹುಡುಕಿ ಮೊದಲ ಬೈಟ್‌ನ ಅಡ್ರೆಸ್ ಕೊಡುತ್ತದೆ. ಕೊಡಲಾಗದಿದ್ದರೆ ನಲ್ ಪಾಯಿಂಟರ್ ಕೊಡುತ್ತದೆ, ಅದನ್ನು ಪರೀಕ್ಷಿಸಬೇಕು. ಹೆಸರೊಂದನ್ನು ನಕಲು ಮಾಡಿಡಲು ಬೇಕಾದ ಸಾಲು ಇದು:

ಮ್ಯಾಲಾಕ್(ಸ್ಟ್ರ್‌ಲೆನ್(ಹೆಸರು) + 1)

ಆ +1 ಯಾಕೆ ಅಂತ ಈಗ ಹೇಳಬೇಕಿಲ್ಲ.

ಮ್ಯಾಲಾಕ್ ಕೊಟ್ಟ ಜಾಗ ಖಾಲಿ ಇರುತ್ತದೆ ಅಂತ ನಂಬಬೇಡಿ, ಅಲ್ಲಿ ಹಳೆ ಕಸ ಇರಬಹುದು. ಎಲ್ಲ 0 ಬೇಕಿದ್ದರೆ ಕ್ಯಾಲಾಕ್ ಇದೆ. ಇನ್ನು, ಡಬಲ್ ಕೋಟ್‌ನಲ್ಲಿ ನೇರವಾಗಿ ಬರೆದ ಸ್ಟ್ರಿಂಗ್‌ಗೆ ಪಾಯಿಂಟರ್ ಇಟ್ಟುಕೊಂಡು ಅದರ ಅಕ್ಷರ ಬದಲಿಸಲು ಹೋದರೆ ಸಾಮಾನ್ಯವಾಗಿ ಪ್ರೋಗ್ರಾಂ ಬೀಳುತ್ತದೆ. ಆ ಬರಹ ಓದಲು ಮಾತ್ರ ಇರುವ ಜಾಗದಲ್ಲಿರುತ್ತದೆ. ಬದಲಿಸಬೇಕಿದ್ದರೆ ಅರೇ ಮಾಡಿ ಅದರೊಳಗೆ ಇಟ್ಟುಕೊಳ್ಳಿ.

+1 ಮರೆತರೂ ಓಡುತ್ತದಲ್ಲ, ಹೇಗೆ?

ಇದು ನಿಜವಾಗಿಯೂ ಗೊಂದಲದ ಜಾಗ, ಸ್ವಲ್ಪ ನಿಂತು ನೋಡೋಣ. ಎಂಟಕ್ಷರದ ಹುಬ್ಬಳ್ಳಿಗೆ ಮ್ಯಾಲಾಕ್(8) ಅಂತ ಕೇಳಿ, ಒಂಬತ್ತು ಬೈಟ್ ಸುರಿದರೂ ಪ್ರೋಗ್ರಾಂ ಚೆನ್ನಾಗೇ ಓಡುತ್ತದೆ. ಗೆಳೆಯ ಬಂದು "ನೋಡಲೇ, +1 ಏನೂ ಬೇಕಾಗಿಲ್ಲ" ಅನ್ನುತ್ತಾನೆ.

64 ಬಿಟ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ಲಿಬ್‌ಸಿ ಲೈಬ್ರರಿಯ ಮ್ಯಾಲಾಕ್, ನೀವು 8 ಕೇಳಿದರೂ ಬಳಸಲು 24 ಬೈಟ್ ಇರುವ ತುಂಡನ್ನು ಕೊಡುತ್ತದೆ. ಅದಕ್ಕಿಂತ ಸಣ್ಣ ತುಂಡು ಅದರ ಬಳಿ ಇಲ್ಲ. ಹಾಗಾಗಿ ಒಂಬತ್ತನೆ ಬೈಟ್ ಯಾರಿಗೂ ತಾಗುವುದಿಲ್ಲ. ಈಗ 24 ಅಕ್ಷರದ ಹೆಸರು ಬಂತು ಅಂದುಕೊಳ್ಳಿ, +1 ಇಲ್ಲದೆ ಮ್ಯಾಲಾಕ್(24) ಆಯಿತು. 25ನೆಯ ಬೈಟ್ ಆದ 0 ಹೋಗಿ ಬೀಳುವುದು ಪಕ್ಕದ ತುಂಡಿನ ಗಾತ್ರ ಬರೆದಿಟ್ಟ ಜಾಗದ ಮೇಲೆ.

ಹೌದು, ಮ್ಯಾಲಾಕ್ ತನ್ನ ಲೆಕ್ಕವನ್ನು ಆಯಾ ತುಂಡಿನ ಪಕ್ಕದಲ್ಲೇ ಬರೆದಿಡುತ್ತದೆ, ನಿಮಗೆ ಕೊಟ್ಟ ಅಡ್ರೆಸ್‌ನ ಹಿಂದಿನ 8 ಬೈಟ್‌ನಲ್ಲಿ. ಫ್ರೀ ಫಂಕ್ಷನ್‌ಗೆ ನೀವು ಬರೀ ಅಡ್ರೆಸ್ ಕೊಡುತ್ತೀರಿ, ಗಾತ್ರ ಹೇಳುವುದಿಲ್ಲ, ಆದರೂ ಅದಕ್ಕೆ ಗೊತ್ತಾಗುವುದು ಹೀಗೆ. ಆ ಲೆಕ್ಕ ಕೆಟ್ಟರೆ ಆಗಲೇ ಏನೂ ಆಗುವುದಿಲ್ಲ. ಎಷ್ಟೋ ಸಾಲು ಆದ ಮೇಲೆ, ಬೇರೆ ಯಾವುದೋ ಪಾಯಿಂಟರ್ ಅನ್ನು ಫ್ರೀ ಮಾಡುವಾಗ ಪ್ರೋಗ್ರಾಂ ಬೀಳಬಹುದು. ಹಾಗಾಗಿ ಹೀಪ್ ವಿಷಯದಲ್ಲಿ ಬಿದ್ದ ಸಾಲೇ ತಪ್ಪಿನ ಸಾಲು ಅಂತ ಯಾವತ್ತೂ ನಂಬಬಾರದು. ಅವನ ಲ್ಯಾಪ್‌ಟಾಪ್‌ನಲ್ಲಿ ಓಡಿ ನನ್ನದರಲ್ಲಿ ಬೀಳುತ್ತದೆ ಅನ್ನುವ ದೂರಿಗೂ ಎಷ್ಟೋ ಸಲ ಇಂಥದೇ ಕಾರಣ ಇರುತ್ತದೆ.

ವಾಪಸ್ ಕೊಡುವುದು

ಹೀಪ್‌ನಿಂದ ಪಡೆದ ಜಾಗವನ್ನು ಫ್ರೀ ಮಾಡಬೇಕು. ಮರೆತರೆ ಅದು ಮೆಮೊರಿ ಲೀಕ್. ಲ್ಯಾಬ್ ಪ್ರೋಗ್ರಾಂನಲ್ಲಿ ಲೀಕ್ ಗೊತ್ತಾಗುವುದೇ ಇಲ್ಲ, ಯಾಕಂದ್ರೆ ಪ್ರೋಗ್ರಾಂ ಮುಗಿದಾಗ ಆಪರೇಟಿಂಗ್ ಸಿಸ್ಟಂ ಎಲ್ಲ ಜಾಗವನ್ನೂ ಕಿತ್ತುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲದೆ ಓಡುವ ಸರ್ವರ್‌ನಲ್ಲಿ ಮಾತ್ರ ಅದು ದಿನೇ ದಿನೇ ಬೆಳೆದು ಕೊನೆಗೆ ಉಸಿರು ಕಟ್ಟಿಸುತ್ತದೆ.

ಎರಡು ಸಲ ಫ್ರೀ ಮಾಡಿದರೆ ಮ್ಯಾಲಾಕ್‌ನ ಲೆಕ್ಕ ಹದಗೆಡುತ್ತದೆ. ಫ್ರೀ ಮಾಡಿದ ಮೇಲೂ ಹಳೆ ಪಾಯಿಂಟರ್‌ನಲ್ಲಿ ಅದೇ ಅಡ್ರೆಸ್ ಉಳಿದಿರುತ್ತದೆ, ಅದನ್ನು ಬಳಸಿದರೆ ಆ ಹೊತ್ತಿಗೆ ಆ ಜಾಗ ಬೇರೆಯವರಿಗೆ ಸಿಕ್ಕಿರಬಹುದು. ಫ್ರೀ ಮಾಡಿದ ಮರುಸಾಲಿಗೆ ಪಾಯಿಂಟರ್‌ಗೆ ನಲ್ ಹಾಕುವ ಅಭ್ಯಾಸ ಒಳ್ಳೆಯದು. ನಲ್ ಅನ್ನು ಫ್ರೀ ಮಾಡಿದರೆ ಏನೂ ಆಗುವುದಿಲ್ಲ ಅಂತ ಸಿಯ ನಿಯಮವೇ ಹೇಳುತ್ತದೆ.

ಜಾಗ ಸಾಲದಾದರೆ ರೀಅಲಾಕ್. ಅದು ಇದ್ದಲ್ಲೇ ಹಿಗ್ಗಿಸಬಹುದು, ಇಲ್ಲವೇ ಬೇರೆ ಕಡೆ ದೊಡ್ಡ ಜಾಗ ಹುಡುಕಿ ಎಲ್ಲ ನಕಲು ಮಾಡಿ ಹೊಸ ಅಡ್ರೆಸ್ ಕೊಡಬಹುದು. ಸಿಗದಿದ್ದರೆ ನಲ್ ಕೊಡುತ್ತದೆ, ಆದರೆ ಹಳೆ ಜಾಗ ಹಾಗೇ ಇರುತ್ತದೆ. ರೀಅಲಾಕ್ ಕೊಟ್ಟದ್ದನ್ನು ನೇರ ಹಳೆ ಪಾಯಿಂಟರ್‌ಗೇ ಹಾಕಿದರೆ, ನಲ್ ಬಂದ ದಿನ ಹಳೆ ಅಡ್ರೆಸ್ಸೂ ಕೈ ಬಿಡುತ್ತದೆ. ಮೊದಲು ಇನ್ನೊಂದು ಪಾಯಿಂಟರ್‌ಗೆ ತಗೊಂಡು, ನಲ್ ಅಲ್ಲ ಅಂತ ನೋಡಿ, ಆಮೇಲೆ ಹಾಕಿ.

ಈ ತಪ್ಪುಗಳನ್ನು ಕಣ್ಣಿನಿಂದ ಹುಡುಕುವುದು ಕಷ್ಟ. ಜಿಸಿಸಿ ಕಂಪೈಲರಿನಲ್ಲಿ ಅಡ್ರೆಸ್ ಸ್ಯಾನಿಟೈಸರ್ ಅನ್ನೋ ಆಯ್ಕೆ ಹಾಕಿ ಕಂಪೈಲ್ ಮಾಡಿದರೆ, ಗಡಿ ದಾಟಿದ ಗಳಿಗೆಯಲ್ಲೇ ಪ್ರೋಗ್ರಾಂ ನಿಲ್ಲಿಸಿ ಎಲ್ಲಿ ದಾಟಿದಿರಿ, ಆ ಜಾಗವನ್ನು ಯಾವ ಸಾಲಲ್ಲಿ ಕೇಳಿದ್ದಿರಿ ಅಂತ ಎರಡನ್ನೂ ಹೇಳುತ್ತದೆ. ಮೇಲಿನ ಮ್ಯಾಲಾಕ್(8) ತಪ್ಪನ್ನೂ ಹಿಡಿಯುತ್ತದೆ. ವ್ಯಾಲ್‌ಗ್ರೈಂಡ್ ಅನ್ನೋದೂ ಇದೆ, ನಿಧಾನ, ಆದರೆ ಮತ್ತೆ ಕಂಪೈಲ್ ಮಾಡಬೇಕಿಲ್ಲ, ಲೀಕ್ ಪಟ್ಟಿಯನ್ನೂ ಕೊಡುತ್ತದೆ. ಎರಡೂ ಪುಕ್ಕಟೆ.

ಕನ್ನಡದಲ್ಲಿ ಬರೆದರೆ?

ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇಲ್ಲದ ಪ್ರಶ್ನೆ, ಆದರೆ ನಮಗೆ ಬೇಕಾದದ್ದು. ಸ್ಟ್ರ್‌ಲೆನ್‌ಗೆ 'ಗದಗ' ಅಂತ ಕನ್ನಡದಲ್ಲೇ ಕೊಟ್ಟು ನೋಡಿ. ಉತ್ತರ 9 ಬರುತ್ತದೆ. ಮೆಮೊರಿಯಲ್ಲಿ ಇರುವುದು ಇದು:

224 178 151 224 178 166 224 178 151 0

ಈಗ ಎಲ್ಲ ಕಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ಇಲ್ಲಿ ಸಂಕೇತ ಅಂದ್ರೆ ನಮ್ಮ ಅಕ್ಷರ ಅಲ್ಲ. 'ಹುಬ್ಬಳ್ಳಿ' ನಮ್ಮ ಕಣ್ಣಿಗೆ ಮೂರಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯುನಿಕೋಡ್ ಪಟ್ಟಿಗೆ ಹ, ಉಕಾರದ ಕೊಂಬು, ಬ, ಅರ್ಧಾಕ್ಷರದ ಗುರುತು, ಬ, ಳ, ಮತ್ತೆ ಅರ್ಧಾಕ್ಷರದ ಗುರುತು, ಳ, ಇಕಾರದ ಗುಡಿಸು, ಒಟ್ಟು ಒಂಬತ್ತು ಸಂಕೇತ. ಅಂದ್ರೆ 27 ಬೈಟ್, ಕೊನೆಯ 0 ಸೇರಿ 28.

ಯುಟಿಎಫ್-8 ರೂಪಿಸಿದ್ದು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಥಾಂಪ್ಸನ್ ಅಂದ್ರೆ ರಿಚಿ ಜೊತೆ ಯುನಿಕ್ಸ್ ಕಟ್ಟಿದವರೇ. ನಲ್ ಬಿಟ್ಟು ಬೇರೆ ಯಾವ ಅಕ್ಷರದ ಒಳಗೂ 0 ಬೈಟ್ ಬರದ ಹಾಗೆ ನೋಡಿಕೊಂಡರು. ಅದಕ್ಕೇ ಸ್ಟ್ರ್‌ಕಾಪಿ, ಸ್ಟ್ರ್‌ಕಂಪ್ ಎಲ್ಲ ಕನ್ನಡದಲ್ಲೂ ತೊಂದರೆ ಇಲ್ಲದೆ ಓಡುತ್ತವೆ. ತೊಂದರೆ ಬರುವುದು ಕತ್ತರಿಸುವಾಗ. 20 ಬೈಟ್ ಅರೇಗೆ ಎಸ್‌ಎನ್‌ಪ್ರಿಂಟ್‌ಎಫ್ ಮೂಲಕ ಹುಬ್ಬಳ್ಳಿ ಹಾಕಿದರೆ 19 ಬೈಟ್ ಹೋಗುತ್ತದೆ. ಆರು ಸಂಕೇತ ಪೂರ್ತಿ, ಏಳನೆಯದರ ಮೂರನೇ ಒಂದು ಭಾಗ. ಪರದೆ ಮೇಲೆ 'ಹುಬ್ಬಳ' ಬಂದು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಡೈಮಂಡ್ ಕೂರುತ್ತದೆ. ಕನ್ನಡ ಹೆಸರಿನ ಕೊನೆಗೆ ಆ ಡೈಮಂಡ್ ಕಂಡರೆ ಹೀಗೆ ನಡುವೆ ಕತ್ತರಿಸಿರುವ ಸಂಭವ ಜಾಸ್ತಿ. ಕತ್ತರಿಸುವುದೇ ಆದರೆ, ಕತ್ತರಿಸುವ ಜಾಗದ ಬೈಟ್ 128ರಿಂದ 191ರ ಒಳಗಿದೆಯಾ ನೋಡಿ. ಇದ್ದರೆ ಅಕ್ಷರದ ನಡುವೆ ಇದ್ದೀರಿ ಅಂತ ಅರ್ಥ, ಒಂದೊಂದೇ ಹಿಂದೆ ಬಂದು 224 ಸಿಕ್ಕಾಗ ಅಲ್ಲಿ 0 ಇಡಿ. ನೋಡುವಾಗ ಅನ್‌ಸೈನ್ಡ್ ಚಾರ್ (ಮೈನಸ್ ಸಂಖ್ಯೆ ಇಲ್ಲದ ಬಗೆ) ಬಳಸಬೇಕು, ಇಲ್ಲದಿದ್ದರೆ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ 224 ಸಾಮಾನ್ಯವಾಗಿ -32 ಆಗಿ ಕಾಣುತ್ತದೆ.

ಪ್ಯಾಲಿಂಡ್ರೋಮ್ ಪ್ರೋಗ್ರಾಂ ಎಲ್ಲರ ಲ್ಯಾಬ್‌ನಲ್ಲೂ ಇರುತ್ತದೆ, ಹಿಂದೆ ಮುಂದೆ ಒಂದೇ ರೀತಿ ಓದಿಸಿಕೊಳ್ಳುವ ಪದ ಹುಡುಕುವುದು. 'ಗದಗ' ಅದಕ್ಕೆ ಚಂದದ ಉದಾಹರಣೆ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ 'ಕನಕ'ವೂ ಹಾಗೇ. ಮ್ಯಾನ್ಯುಯಲ್‌ನ ಪ್ರೋಗ್ರಾಂಗೆ ಕೊಟ್ಟರೆ ಎರಡಕ್ಕೂ 'ಅಲ್ಲ' ಅನ್ನುತ್ತದೆ. ಮೊದಲ ಬೈಟ್ 224, ಗದಗದ ಕೊನೆಯದು 151, ಮೊದಲ ಹೋಲಿಕೆಯಲ್ಲೇ ಸೋತಿತು. ಮೂರು ಮೂರು ಬೈಟ್ ಒಟ್ಟಿಗೆ ಹಿಡಿದು ಹೋಲಿಸಿದರೆ ಎರಡೂ ಪಾಸ್. ಆದರೆ 'ಸಮಾಸ' ಕೊಡಿ, ಮತ್ತೆ ಫೇಲ್, ಯಾಕಂದ್ರೆ ನಡುವಿನ 'ಮಾ' ಒಂದರಲ್ಲಿ ಎರಡು ಸಂಕೇತ ಇದೆ, ತಿರುಗಿಸಿದಾಗ ಆಕಾರ ಮ ಬಿಟ್ಟು ಸ ಕೈ ಹಿಡಿಯುತ್ತದೆ. ಅಲ್ಲಿ ಸ್ವರಚಿಹ್ನೆಯನ್ನು ಅದರ ಹಿಂದಿನ ವ್ಯಂಜನದ ಜೊತೆಗೇ ಇಡಬೇಕು, ಅರ್ಧಾಕ್ಷರದ ಗುರುತು ಬಂದರೆ ಮುಂದಿನ ವ್ಯಂಜನವನ್ನೂ ಸೇರಿಸಿಕೊಂಡು ಒಂದು ಅಕ್ಷರ ಅಂತ ಎಣಿಸಬೇಕು. ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಇದನ್ನು ಬರೆದು ನೋಡಿ, ಐವತ್ತು-ಅರವತ್ತು ಸಾಲಿನಲ್ಲಿ ಆಗುವ ಕೆಲಸ.